‘ಶಾಶ್ವತ’ ಎಂದು ಹೇಳಿ ತಾತ್ಕಾಲಿಕ ಕಣ್ಣಿನ ಚಿಕಿತ್ಸೆ ನೀಡಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ನೇತ್ರ ಚಿಕಿತ್ಸಾ ಕೇಂದ್ರ, ಬಳ್ಳಾರಿ.

ಮಾನ್ಯರೇ,

ನಾನು ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ದಸ್ತಾವೇಜು ಬರಹಗಾರನಾಗಿದ್ದೇನೆ. ನಲವತ್ತೈದು ದಾಟಿದ ಮೇಲೆ ಚಾಳೀಸು ಬಂದು, ಪಹಣಿಯ ಸಣ್ಣ ಅಕ್ಷರಗಳನ್ನು ತೋಳುದ್ದ ದೂರ ಹಿಡಿದು ಓದುವಂತಾಯಿತು. ‘ಲೇಸರ್ ಇಲ್ಲ, ಕೊಯ್ಯುವುದಿಲ್ಲ, ಓದುವ ಕನ್ನಡಕ ಶಾಶ್ವತವಾಗಿ ದೂರ’ ಎಂಬ ತಮ್ಮ ಕರಪತ್ರವನ್ನು ನಂಬಿ, ಕಳೆದ ವರ್ಷ ಯುಗಾದಿಯ ನಂತರ ರೂ. 28,000 ಕಟ್ಟಿ, ಎಡಗಣ್ಣಿಗೆ ಕಂಡಕ್ಟಿವ್ ಕೆರಟೋಪ್ಲಾಸ್ಟಿ ಎಂಬ, ಶಾಖ ಕೊಟ್ಟು ಮಾಡುವ ಚಿಕಿತ್ಸೆ ಮಾಡಿಸಿಕೊಂಡೆ.

ವೈದ್ಯರ ಕೈಗುಣದ ಬಗ್ಗೆ ನನ್ನ ದೂರಿಲ್ಲ. ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿ, ಬಹಳ ಸಣ್ಣ ಮೊನೆಯಿಂದ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಅಂಚಿಗೆ ಸುತ್ತಲೂ ಚುಕ್ಕಿ ಚುಕ್ಕಿಯಾಗಿ ರೇಡಿಯೊ ತರಂಗದ ಶಾಖ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಿತು. ಕೆಲವು ತಿಂಗಳು ಕನ್ನಡಕವಿಲ್ಲದೆ ಓದಿದೆ, ಅದನ್ನು ಮರೆಮಾಚುವುದಿಲ್ಲ. ಆದರೆ ದೀಪಾವಳಿಯ ಹೊತ್ತಿಗೆ ಅಕ್ಷರಗಳು ಮತ್ತೆ ಮಸುಕಾಗತೊಡಗಿದವು. ಕಳೆದ ತಿಂಗಳು ವಯಸ್ಸಾದ ಹೆಣ್ಣುಮಗಳೊಬ್ಬರ ಖರೀದಿ ಪತ್ರದಲ್ಲಿ ಸರ್ವೆ ನಂಬರಿನ ಹಿಸ್ಸಾ 3 ಎಂದಿದ್ದುದನ್ನು 8 ಎಂದು ಓದಿ ಹಾಗೆಯೇ ಬರೆದೆ. ನೋಂದಣಿಗೆ ಮೊದಲು ಅವರ ಮಗ ಪಹಣಿಯ ಮೇಲೆ ಬೆರಳಿಟ್ಟು ತೋರಿಸದಿದ್ದರೆ, ಆ ತಾಯಿಯ ಹೊಲದ ಬದಲು ಬೇರೊಬ್ಬರ ಹೊಲ ಕಾಗದಕ್ಕೇರುತ್ತಿತ್ತು. ಆ ದಿನದಿಂದ ಕನ್ನಡಕ ಮತ್ತೆ ನನ್ನ ಮೂಗಿನ ಮೇಲಿದೆ.

ತಮ್ಮಲ್ಲಿಗೆ ಬಂದು ಕೇಳಿದಾಗ, ‘ವಯಸ್ಸಾದಂತೆ ಹೀಗಾಗುತ್ತದೆ, ಮತ್ತೊಮ್ಮೆ ಮಾಡಿಸಿಕೊಳ್ಳಿ, ಈ ಸಲ ಹದಿನೈದು ಸಾವಿರ’ ಎಂದು ಸಿಬ್ಬಂದಿ ಹೇಳಿದರು. ಹೀಗಾಗುತ್ತದೆ ಎಂಬುದು ಗೊತ್ತಿದ್ದ ಮೇಲೆ ಮೊದಲೇ ಏಕೆ ಹೇಳಲಿಲ್ಲ? ಚಾಳೀಸು ಬರುವುದು ಕಣ್ಣೊಳಗಿನ ಮಸೂರ ವಯಸ್ಸಿನೊಂದಿಗೆ ಬಿರುಸಾಗುವುದರಿಂದ. ಈ ಚಿಕಿತ್ಸೆ ಮಸೂರವನ್ನು ಮುಟ್ಟದೆ ಕಾರ್ನಿಯಾದ ಉಬ್ಬನ್ನಷ್ಟೇ ಹೆಚ್ಚಿಸುತ್ತದೆ, ಅದೂ ಕಾಲಕ್ರಮೇಣ ಇಳಿಯುತ್ತದೆ ಎಂದು ಬೇರೆ ವೈದ್ಯರು ನನಗೆ ವಿವರಿಸಿದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2004ರಲ್ಲಿ ಚಾಳೀಸಿಗೆ ಇದನ್ನು ಒಪ್ಪಿದಾಗಲೇ, ಪ್ರಧಾನವಲ್ಲದ (ನೋಡುವಾಗ ನಾವು ಕಡಿಮೆ ನೆಚ್ಚುವ) ಒಂದು ಕಣ್ಣಿಗೆ, ‘ತಾತ್ಕಾಲಿಕ’ವಾಗಿ ಎಂದು ಸ್ಪಷ್ಟವಾಗಿ ಬರೆದಿತ್ತು. ಭೋಗ್ಯ ಪತ್ರವನ್ನು ಖರೀದಿ ಪತ್ರವೆಂದು ಬರೆದುಕೊಟ್ಟರೆ ನನ್ನ ಲೈಸೆನ್ಸ್ ಉಳಿಯುವುದಿಲ್ಲ. ತಮ್ಮ ಕರಪತ್ರ ಮಾಡಿರುವುದು ಅದನ್ನೇ.

ಒಂದೇ ಕಣ್ಣಿಗೆ ಚಿಕಿತ್ಸೆ ಎಂಬುದು ನನಗೆ ಗೊತ್ತಾದದ್ದು ಮೇಜಿನ ಮೇಲೆ ಮಲಗಿದ ಮೇಲೆ. ಆ ಕಣ್ಣಿನ ದೂರದ ನೋಟ ಮಂಜಾಗಬಹುದೆಂದು ಯಾರೂ ಹೇಳಲಿಲ್ಲ. ರಾತ್ರಿ ಬೈಕ್ ಓಡಿಸುವಾಗ ಎದುರಿನ ಲಾರಿ ಎಷ್ಟು ದೂರದಲ್ಲಿದೆ ಎಂದು ಅಂದಾಜು ಸಿಗದೆ ಹಲವು ಸಲ ಬದಿಗೆ ನಿಂತಿದ್ದೇನೆ. ಕೆಲವು ದಿನ ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿ, ಒಂದು ಕಣ್ಣು ಹತ್ತಿರಕ್ಕೆ, ಇನ್ನೊಂದು ದೂರಕ್ಕೆ ಎಂಬ ಇಂಥ ನೋಟ ಒಗ್ಗುತ್ತದೆಯೇ ಎಂದು ಮೊದಲೇ ಪರೀಕ್ಷಿಸಬಹುದಿತ್ತು. ಒಪ್ಪಿಗೆ ಪತ್ರವಂತೂ ಪೂರ್ತಿ ಇಂಗ್ಲಿಷಿನಲ್ಲಿತ್ತು, ಕಾಯುವ ಕುರ್ಚಿಯಲ್ಲೇ ಸಹಿ ಹಾಕಿಸಿಕೊಂಡರು. ಓದು ಬಾರದವರಿಗೂ ಪತ್ರವನ್ನು ಪೂರ್ತಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸುವ ಕಸುಬು ನನ್ನದು; ಓದದೆ ಸಹಿ ಹಾಕಿದ್ದು ನನ್ನ ತಪ್ಪೇ, ಆದರೆ ಓದಿ ಹೇಳುವ ಹೊಣೆ ತಮ್ಮದಾಗಿತ್ತು.

ಓದುವ ಕನ್ನಡಕ ಬೇಡವಾಗಿಸುವ ಕಣ್ಣಿನ ಹನಿಯೆಂದು ಅನುಮತಿ ಮೀರಿ ಪ್ರಚಾರ ಮಾಡಿದ ಕಾರಣಕ್ಕೆ, ಒಂದು ಔಷಧಕ್ಕೆ ಕೊಟ್ಟಿದ್ದ ಅನುಮತಿಯನ್ನು ಭಾರತದ ಔಷಧ ಮಹಾನಿಯಂತ್ರಕರು 2024ರ ಸೆಪ್ಟೆಂಬರ್‌ನಲ್ಲಿ ಅಮಾನತಿನಲ್ಲಿಟ್ಟಿದ್ದು ತಮಗೂ ತಿಳಿದಿರಬೇಕು.

ನಾನು ಕಟ್ಟಿದ ಹಣದಲ್ಲಿ ಅರ್ಧದಷ್ಟನ್ನು ಹಿಂದಿರುಗಿಸಬೇಕು. ಚಿಕಿತ್ಸೆಯ ಮೊದಲು ಮತ್ತು ನಂತರದ ಕಣ್ಣಿನ ಅಳತೆಗಳ ಸಮೇತ ನನ್ನ ದಾಖಲೆಗಳನ್ನು, 2002ರ ವೈದ್ಯಕೀಯ ವೃತ್ತಿ ನಿಯಮಾವಳಿಯಂತೆ 72 ಗಂಟೆಗಳೊಳಗೆ ಒದಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕರಪತ್ರದಿಂದ ‘ಶಾಶ್ವತ’ ಎಂಬ ಪದವನ್ನು ತೆಗೆದು, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಮುದ್ರಿಸಬೇಕು. ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ರಸೀದಿ ಮತ್ತು ಕರಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ದಸ್ತಾವೇಜು ಬರಹಗಾರ, ಗಂಗಾವತಿ