ವಿದೇಶದಲ್ಲಿ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್, ವೀಸಾ ಮತ್ತು ನೋಂದಣಿ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಅಮೆರಿಕ, ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಾ ಎಂದು ಕೆಲವು ವರ್ಷ ಹೊರಗಿದ್ದು ಬೆಂಗಳೂರಿಗೆ ವಾಪಸ್ ಬಂದ ಕುಟುಂಬಗಳ ಮಕ್ಕಳು ನಮ್ಮ ಶಾಲೆಯಲ್ಲಿ ಈಗ ಹೆಚ್ಚುಕಡಿಮೆ ಎಲ್ಲ ತರಗತಿಗಳಲ್ಲೂ ಇದ್ದಾರೆ. ಈ ಪತ್ರ ಮುಖ್ಯವಾಗಿ ಆ ಮನೆಗಳಿಗೆ. ಉಳಿದವರೂ ಒಮ್ಮೆ ಓದಿಟ್ಟುಕೊಳ್ಳಿ. ನಿಮ್ಮ ಅಣ್ಣನೋ ನಾದಿನಿಯೋ ನಾಳೆ ಸಂಸಾರ ಕಟ್ಟಿಕೊಂಡು ವಾಪಸ್ ಬರುವವರಿರಬಹುದು.

ಕಳೆದ ವರ್ಷ ದಸರಾ ರಜೆಗೆ ಇನ್ನೊಂದು ವಾರ ಇದೆ ಎನ್ನುವಾಗ ಏಳನೇ ತರಗತಿಯ ಹುಡುಗಿಯೊಬ್ಬಳ ತಂದೆ ನನ್ನ ಕೋಣೆಗೆ ಬಂದರು. ರಜೆಗೆ ಸಿಂಗಪುರದ ಚಿಕ್ಕಪ್ಪನ ಮನೆಗೆ ಹೋಗಲು ಟಿಕೆಟ್ ಆಗಿತ್ತು. ಹೊರಡುವ ಮೊದಲು ಮಗಳ ಅಮೆರಿಕನ್ ಪಾಸ್‌ಪೋರ್ಟ್ ತೆರೆದು ನೋಡಿದರೆ, ಅದರಲ್ಲಿದ್ದ ಭಾರತದ ವೀಸಾ ಮುಗಿದು ಐದು ತಿಂಗಳಾಗಿತ್ತು. "ಮೇಡಂ, ನಾವಿಬ್ಬರೂ ಇಂಡಿಯನ್ ಪಾಸ್‌ಪೋರ್ಟ್‌ನವರೇ. ಅವಳಿಗೆ ಬೇರೇನು ಬೇಕು ಅಂದುಕೊಂಡಿದ್ದೆವು" ಎಂದರು. ಅವಧಿ ಮೀರಿ ಉಳಿದವರು ದೇಶ ಬಿಟ್ಟು ಹೊರಡಬೇಕಾದರೆ ಮೊದಲು ವಿದೇಶಿಯರ ನೋಂದಣಿ ಕಚೇರಿಯ ನಿರ್ಗಮನ ಅನುಮತಿ ಬೇಕು, ದಂಡವನ್ನೂ ಕಟ್ಟಬೇಕು. ಪ್ರವಾಸ ನಿಂತುಹೋಯಿತು. ಅದು ದೊಡ್ಡ ಮಾತಲ್ಲ. ಮನೆಯಲ್ಲಿ ನಡೆಯುತ್ತಿದ್ದ ಮಾತುಕತೆ ಕೇಳಿಸಿಕೊಂಡಿದ್ದ ಆ ಹುಡುಗಿ ಒಂದು ಮಧ್ಯಾಹ್ನ ನನ್ನನ್ನು ಕಾರಿಡಾರಿನಲ್ಲಿ ತಡೆದು, "ಮಿಸ್, ನಾನು ಇಲ್ಲಿರೋದು ತಪ್ಪಾ?" ಎಂದು ಕೇಳಿದಳು. ಹನ್ನೆರಡು ವರ್ಷದ ಮಗು ಕೇಳಬೇಕಾದ ಪ್ರಶ್ನೆಯಲ್ಲ ಅದು.

ಅದರಲ್ಲಿ ಶಾಲೆಯ ತಪ್ಪೂ ಇತ್ತು. ದಾಖಲಾತಿಯ ದಿನ ನಾವು ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ನಕಲು ಮಾತ್ರ ತೆಗೆದುಕೊಂಡಿದ್ದೆವು. ವೀಸಾ ಪುಟವನ್ನು ನಮ್ಮಲ್ಲಿ ಯಾರೂ ತಿರುವಿ ನೋಡಿರಲಿಲ್ಲ. ಇನ್ನು ಮುಂದೆ ಹಾಗಾಗದು.

ನೀವು ಮೊದಲು ನೋಡಬೇಕಾದದ್ದು ಇಷ್ಟೇ: ಮಗುವಿನ ಕೈಯಲ್ಲಿರುವುದು ಯಾವ ದೇಶದ ಪಾಸ್‌ಪೋರ್ಟ್? ನಿಮ್ಮ ಪಾಸ್‌ಪೋರ್ಟ್ ಯಾವುದು, ಅಜ್ಜ ಅಜ್ಜಿಯ ಊರು ಯಾವುದು, ಮನೆಯಲ್ಲಿ ಯಾವ ಭಾಷೆ ಎಂಬುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ದೇಶದಲ್ಲಿ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿಲ್ಲ. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆತಾಯಿಯ ಮೂಲಕ ಭಾರತದ ಪೌರತ್ವ ಬರಬೇಕಾದರೆ, ಸಾಮಾನ್ಯವಾಗಿ ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಾಯಿಸಿರಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಟ್ಟಿರಬೇಕು. ಅಮೆರಿಕದಲ್ಲಿ ಮಗು ಹುಟ್ಟಿದ ಕೂಡಲೇ ಅಲ್ಲಿನ ಪಾಸ್‌ಪೋರ್ಟ್ ಮಾಡಿಸಿಕೊಂಡವರೇ ನಮ್ಮಲ್ಲಿ ಹೆಚ್ಚು. ಆ ಮಕ್ಕಳು ನಮ್ಮ ಕಾನೂನಿನ ಕಣ್ಣಿಗೆ ವಿದೇಶಿಯರು. ಆ ಪದ ನಿಮ್ಮಂತೆ ನನಗೂ ಹಿಡಿಸುವುದಿಲ್ಲ. ಆದರೆ ಕಾಗದದ ವಿಷಯದಲ್ಲಿ ಅದನ್ನು ಒಪ್ಪಿಕೊಂಡು ನಡೆಯದಿದ್ದರೆ ಕಷ್ಟ ಬರುವುದು ಮಗುವಿಗೇ.

ದುಬೈ, ಕುವೈತ್, ಮಸ್ಕತ್ ಕಡೆಯಿಂದ ಬಂದವರು ಗಾಬರಿಯಾಗಬೇಡಿ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಸಿಗುವುದಿಲ್ಲವಾದ್ದರಿಂದ ನಿಮ್ಮ ಮಕ್ಕಳಿಗೆ ಭಾರತದ ಪಾಸ್‌ಪೋರ್ಟೇ ಇರುತ್ತದೆ. ಈ ಪತ್ರದ ನಿಯಮಗಳು ಅವರಿಗೆ ಅನ್ವಯಿಸುವುದಿಲ್ಲ.

2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1920ರ ಪಾಸ್‌ಪೋರ್ಟ್ ಪ್ರವೇಶ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ ಮತ್ತು 2000ದ ವಲಸೆ ವಾಹಕರ ಹೊಣೆಗಾರಿಕೆ ಕಾಯ್ದೆ ಈ ನಾಲ್ಕೂ ರದ್ದಾಗಿ ಅವುಗಳ ಜಾಗಕ್ಕೆ ಇದು ಬಂದಿದೆ. ವಿದೇಶಿ ಪೌರತ್ವದ ವಿದ್ಯಾರ್ಥಿಯನ್ನು ಸೇರಿಸಿಕೊಂಡ ಶಿಕ್ಷಣ ಸಂಸ್ಥೆ ಅವರ ವಿವರವನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕು ಎಂದು ಈ ಕಾಯ್ದೆಯೇ ಹೇಳುತ್ತದೆ. ಹಿಂದೆಯೂ ಶಾಲೆಗಳು ಇಂಥ ವಿವರ ಕೊಡಬೇಕಿತ್ತು. ಹಾಗಾಗಿ ನಮ್ಮ ಆಫೀಸಿನವರು ನಿಮ್ಮಿಂದ ದಾಖಲೆ ಕೇಳಿದರೆ ಅನುಮಾನದಿಂದ ಕೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಪಾಲಿನ ಕೆಲಸ ಅದು. ನಿಮ್ಮ ಪಾಲಿನ ಕೆಲಸ ಬೇರೆಯೇ ಇದೆ. ಶಾಲೆ ವಿವರ ಕಳಿಸಿತೆಂದು ಮಗುವಿನ ನೋಂದಣಿ ಆದಂತಲ್ಲ.

ಮಗುವಿಗೆ ಓಸಿಐ ಕಾರ್ಡ್, ಅಂದರೆ ವಿದೇಶಿ ಪಾಸ್‌ಪೋರ್ಟ್ ಇರುವ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್, ಇದ್ದರೆ ಅರ್ಧಕ್ಕಿಂತ ಹೆಚ್ಚು ಚಿಂತೆ ಕಳೆಯಿತು. ಓಸಿಐ ಇರುವವರು ಎಷ್ಟು ವರ್ಷ ಇಲ್ಲಿದ್ದರೂ ವಿದೇಶಿಯರ ನೋಂದಣಿ ಮಾಡಿಸಬೇಕಿಲ್ಲ. ಬಂದು ಹೋಗಲು ಅದೇ ಆಜೀವ ವೀಸಾ. ಅಪ್ಪ ಅಮ್ಮ ಇಬ್ಬರೂ ಭಾರತದ ಪೌರರಾಗಿದ್ದರೆ, ಅಥವಾ ಇಬ್ಬರಲ್ಲಿ ಒಬ್ಬರು ಪೌರರಾಗಿದ್ದರೂ, ಅಪ್ರಾಪ್ತ ಮಗುವಿಗೆ ಓಸಿಐ ಕೇಳಬಹುದು. ಹೊರದೇಶದಿಂದ ಅರ್ಜಿ ಹಾಕಿದರೆ ಶುಲ್ಕ 275 ಡಾಲರ್, ಇಲ್ಲಿಂದ ಹಾಕಿದರೆ 15,000 ರೂಪಾಯಿ. ಆಗುವುದಾದರೆ ಅಲ್ಲಿಂದಲೇ ಮಾಡಿಸಿಕೊಂಡು ಬನ್ನಿ ಎಂಬುದು ನನ್ನ ಸಲಹೆ. ಕಾರಣ ಹಣವಲ್ಲ, ಜನನ ಪ್ರಮಾಣಪತ್ರ. ಅದಕ್ಕೆ ಅಪೋಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಬೇರೆ ದೇಶದವರೂ ಒಪ್ಪುವ ಮುದ್ರೆ, ಕೇಳುತ್ತಾರೆ. ಅಮೆರಿಕದಲ್ಲಿ ಆ ಮುದ್ರೆ ಹಾಕುವುದು ಮಗು ಹುಟ್ಟಿದ ರಾಜ್ಯದ ಕಚೇರಿ. ಅಲ್ಲಿದ್ದಾಗ ಅಂಚೆಯಲ್ಲಿ ಕಳಿಸಿ ತರಿಸಿಕೊಳ್ಳುವ ಕೆಲಸ, ಇಲ್ಲಿಗೆ ಬಂದ ಮೇಲೆ ಅಲ್ಲಿರುವ ಸ್ನೇಹಿತರನ್ನು ಕಾಡಿ ಬೇಡಿ ಮಾಡಿಸುವ ಕೆಲಸವಾಗುತ್ತದೆ. ಹೊರಡುವ ತಯಾರಿಯಲ್ಲಿರುವ ನಿಮ್ಮ ಬಳಗದವರಿಗೆ ಇದೊಂದು ಮಾತನ್ನು ತಪ್ಪದೇ ಹೇಳಿ.

ಓಸಿಐ ಇದ್ದವರೂ ಒಂದು ಕಡೆ ಎಡವುತ್ತಾರೆ. ಹದಿನಾರು ತುಂಬದ ಮಕ್ಕಳಿಗೆ ಅಮೆರಿಕ ಕೊಡುವ ಪಾಸ್‌ಪೋರ್ಟ್ ಐದೇ ವರ್ಷದ್ದು. ಹೊಸದನ್ನು ಮಾಡಿಸಲು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಗು ಮೂವರೂ ಹೋಗಬೇಕು. ನಮ್ಮ ಶಾಲೆಯ ಹಲವು ಕುಟುಂಬಗಳು ಇದಕ್ಕಾಗಿ ಚೆನ್ನೈಗೆ ಹೋಗಿ ಬಂದಿವೆ. ಪಾಸ್‌ಪೋರ್ಟ್ ಬದಲಾದಾಗೆಲ್ಲ ಓಸಿಐ ಕಾರ್ಡನ್ನೂ ಬದಲಿಸಬೇಕೆಂಬ ಹಳೆಯ ತಾಪತ್ರಯ 2021ರಲ್ಲಿ ತಪ್ಪಿತು. ಇಪ್ಪತ್ತು ವರ್ಷ ತುಂಬಿದ ಮೇಲೆ ಪಡೆಯುವ ಹೊಸ ಪಾಸ್‌ಪೋರ್ಟಿಗೆ ಒಮ್ಮೆ ಕಾರ್ಡ್ ಬದಲಿಸಿದರೆ ಸಾಕು. ಅಲ್ಲಿಯವರೆಗೆ, ಪ್ರತಿಬಾರಿ ಹೊಸ ಪಾಸ್‌ಪೋರ್ಟ್ ಕೈಸೇರಿದ ಮೂರು ತಿಂಗಳೊಳಗೆ ಅದರ ಪ್ರತಿಯನ್ನೂ ಮಗುವಿನ ಈಗಿನ ಫೋಟೊವನ್ನೂ ಓಸಿಐ ಪೋರ್ಟಲ್‌ಗೆ ಏರಿಸಬೇಕು. ಅದಕ್ಕೆ ಶುಲ್ಕವಿಲ್ಲ. ಮರೆಯುವವರೇ ಬಹಳ.

ಓಸಿಐ ಇಲ್ಲದೆ ವೀಸಾದ ಮೇಲೆ ಇರುವ ಮಕ್ಕಳ ವಿಷಯಕ್ಕೆ ನಿಮ್ಮ ಹೆಚ್ಚಿನ ಗಮನ ಬೇಕು. ಸಾಮಾನ್ಯವಾಗಿ ಇವರಿಗೆ ಸಿಗುವುದು ಎಂಟ್ರಿ ವೀಸಾ, ಜನರ ಬಾಯಲ್ಲಿ ಎಕ್ಸ್ ವೀಸಾ. ನೋಂದಣಿ ಬೇಕೇ, ಎಷ್ಟು ದಿನದೊಳಗೆ ಎಂಬುದು ಆ ವೀಸಾ ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ. 14 ದಿನ ಎಂದಿದ್ದರೆ ವಿಮಾನ ಇಳಿದ ದಿನದಿಂದ ಎಣಿಸಿ. 180 ದಿನ ಎಂದಿದ್ದರೆ ಆ ಗಡುವು ಮುಗಿಯಲು ಬಿಡದೆ ಮುಂಚಿತವಾಗಿಯೇ ಅರ್ಜಿ ಹಾಕಿ. "ಹನ್ನೆರಡರೊಳಗಿನ ಮಕ್ಕಳಿಗೆ ನೋಂದಣಿ ಬೇಡವಂತಲ್ಲ" ಎಂದು ಹಲವರು ನನ್ನನ್ನು ಕೇಳಿದ್ದೀರಿ. ನೋಂದಣಿಗೆ ವಿನಾಯಿತಿ ಸಿಕ್ಕರೂ ಅದು ವೀಸಾಕ್ಕೆ ಸಿಕ್ಕ ವಿನಾಯಿತಿಯಲ್ಲ. ವಯಸ್ಸು ಎಷ್ಟೇ ಇರಲಿ, ವೀಸಾ ಚಾಲ್ತಿಯಲ್ಲಿರಲೇಬೇಕು. ಮೇಲೆ ಹೇಳಿದ ಹುಡುಗಿಯ ಮನೆಯವರು ಎಡವಿದ್ದು ಇಲ್ಲೇ.

ಟೂರಿಸ್ಟ್ ವೀಸಾ ಬೇಗ ಸಿಗುತ್ತದೆಂದು ಅದರ ಮೇಲೆ ಮಗುವನ್ನು ಕರೆತಂದು ಶಾಲೆಗೆ ಸೇರಿಸಲು ಬರುವವರಿದ್ದಾರೆ. ಸಂಕೋಚವಿಲ್ಲದೆ ಹೇಳುತ್ತೇನೆ, ಅಂಥ ದಾಖಲಾತಿಯನ್ನು ನಾವು ಮಾಡಿಕೊಳ್ಳುವುದಿಲ್ಲ. ಪ್ರವಾಸಕ್ಕೆಂದು ಕೊಟ್ಟ ವೀಸಾದಲ್ಲಿ ವರ್ಷಪೂರ್ತಿ ಶಾಲೆ ಕಲಿಯುವಂತಿಲ್ಲ. ಟೂರಿಸ್ಟ್ ವೀಸಾದಲ್ಲಿ ಇರುವಾಗ ಇಲ್ಲಿಂದ ಓಸಿಐ ಅರ್ಜಿ ಹಾಕಲೂ ಬರುವುದಿಲ್ಲ.

ನೋಂದಣಿ, ವೀಸಾ ವಿಸ್ತರಣೆ, ನಿರ್ಗಮನ ಅನುಮತಿ ಎಲ್ಲಕ್ಕೂ ಈಗ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಓ ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. 2018ರಲ್ಲಿ ಈ ವ್ಯವಸ್ಥೆ ಬಂದ ಮೇಲೆ ಶಾಂತಿನಗರ ಬಸ್ ನಿಲ್ದಾಣದ ಮೇಲಿರುವ ಕಚೇರಿಯ ಮುಂದೆ ಮಕ್ಕಳನ್ನು ಕಟ್ಟಿಕೊಂಡು ಕಾಯುವುದು ಬಹಳ ಮಟ್ಟಿಗೆ ತಪ್ಪಿದೆ. ಕರೆದರೆ ಮಾತ್ರ ಹೋದರಾಯಿತು. ವಾಸದ ವಿಳಾಸಕ್ಕೆ ಪುರಾವೆ, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಕೇಳಬಹುದು. ವ್ಯಾಸಂಗ ಪ್ರಮಾಣಪತ್ರವನ್ನು ಕೇಳಿದ ದಿನವೇ ಕೊಡಲು ಆಫೀಸಿಗೆ ಹೇಳಿದ್ದೇನೆ. ಮನೆ ಬದಲಿಸಿದರೆ ಅದನ್ನೂ ತಿಳಿಸಬೇಕು. ಬಾಡಿಗೆ ಮನೆಯಲ್ಲಿರುವವರು ಹೊಸ ಕರಾರು ಪತ್ರ ಆದ ಕೂಡಲೇ ಈ ಕೆಲಸ ಮುಗಿಸಿ.

ಆಧಾರ್ ಬಗ್ಗೆ ಎರಡು ಮಾತು. ಕಳೆದ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದರೆ ವಿದೇಶಿ ಪೌರತ್ವದ ಮಗುವಿಗೂ ಆಧಾರ್ ಸಿಗುತ್ತದೆ. ಆದರೆ ಅದು ವಾಸದ ಗುರುತು, ಪೌರತ್ವದ ಪುರಾವೆಯಲ್ಲ. "ಆಧಾರ್ ಆಯಿತಲ್ಲ, ಇನ್ನೇನು" ಎಂದು ವೀಸಾ ಮರೆತವರನ್ನು ನಾನು ಕಂಡಿದ್ದೇನೆ.

ಎಂಟು, ಒಂಬತ್ತು, ಹತ್ತನೇ ತರಗತಿಯ ಪೋಷಕರು ಇನ್ನೊಂದನ್ನು ಗಮನಿಸಬೇಕು. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯಂತೆ ಓಸಿಐ ವಿದ್ಯಾರ್ಥಿಗಳು ನೀಟ್, ಜೆಇಇ ಬರೆಯಬಹುದಾದರೂ ಎನ್‌ಆರ್‌ಐ ಅಥವಾ ಹೆಚ್ಚುವರಿ ಸೀಟುಗಳಿಗಷ್ಟೇ ಅರ್ಹರು; ಭಾರತದ ಪೌರರಿಗೆಂದೇ ಇರುವ ಸೀಟುಗಳಿಗಲ್ಲ. ಅಧಿಸೂಚನೆಗೂ ಮೊದಲೇ ಓಸಿಐ ಪಡೆದವರ ಹಳೆಯ ಹಕ್ಕನ್ನು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಉಳಿಸಿಕೊಟ್ಟಿದೆ. ಆದ್ದರಿಂದ ಮಗುವಿನ ಕಾರ್ಡ್ ಯಾವ ದಿನಾಂಕದ್ದು ಎಂದು ಇಂದೇ ನೋಡಿ. ತಂದೆತಾಯಿ ಭಾರತದ ಪೌರರಾಗಿದ್ದರೆ ಅಪ್ರಾಪ್ತ ಮಗುವನ್ನು ಇಲ್ಲಿನ ಪೌರತ್ವಕ್ಕೆ ನೋಂದಾಯಿಸುವ ದಾರಿ 1955ರ ಪೌರತ್ವ ಕಾಯ್ದೆಯಲ್ಲಿದೆ. ಅದು ಮಗುವಿನ ಇಡೀ ಬದುಕಿನ ತೀರ್ಮಾನ, ಶಾಲೆ ಹೇಳಿಕೊಡುವಂಥದ್ದಲ್ಲ. ಪಿಯುಸಿ ಫಲಿತಾಂಶ ಬಂದ ಮೇಲೆ ಯೋಚಿಸಲು ಕೂರಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನಮ್ಮ ಶಿಕ್ಷಕರಿಗೂ ಒಂದು ಸೂಚನೆ ಹೋಗಿದೆ. ತರಗತಿಯಲ್ಲಿ "ಫಾರಿನ್ ಪಾಸ್‌ಪೋರ್ಟ್ ಇರುವವರು ಕೈ ಎತ್ತಿ" ಎಂದು ಯಾರೂ ಕೇಳಕೂಡದು. ದಾಖಲೆಯ ಮಾತು ಏನಿದ್ದರೂ ಆಫೀಸಿನಿಂದ ನೇರವಾಗಿ ನಿಮಗೆ ಫೋನ್ ಬರುತ್ತದೆ. ಮನೆಯಲ್ಲೂ ಈ ಚರ್ಚೆ ಮಕ್ಕಳು ಮಲಗಿದ ಮೇಲೆ ಆಗಲಿ. ಆ ಹುಡುಗಿಗೆ ನಾನು ಅಂದು ಹೇಳಿದ್ದು, "ನಿನ್ನದೇನೂ ತಪ್ಪಿಲ್ಲ ಕಣಮ್ಮ, ದೊಡ್ಡವರು ಒಂದು ಕಾಗದ ನೋಡುವುದನ್ನು ಮರೆತೆವು." ಅವಳ ವೀಸಾ ಸರಿಹೋಯಿತು, ಈ ವರ್ಷ ಓಸಿಐ ಕೂಡ ಬಂದಿದೆ.

ಮಗುವಿನ ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ ಪುಟ ಅಥವಾ ಓಸಿಐ ಕಾರ್ಡಿನ ಎರಡೂ ಬದಿ, ನೋಂದಣಿ ಆಗಿದ್ದರೆ ಅದರ ಪತ್ರ, ಈಗಿನ ವಿಳಾಸ ಇಷ್ಟರ ನಕಲುಗಳನ್ನು ಇದೇ ತಿಂಗಳ ಕೊನೆಯ ಶನಿವಾರದೊಳಗೆ ಆಫೀಸಿಗೆ ತಲುಪಿಸಿ. ಅವಧಿ ಮುಗಿದಿರುವುದು ಈಗ ಗಮನಕ್ಕೆ ಬಂದರೆ ಮುಚ್ಚಿಡದೆ ನನ್ನನ್ನು ಬಂದು ಕಾಣಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹತ್ತೂವರೆಯವರೆಗೆ ಕೋಣೆಯಲ್ಲೇ ಇರುತ್ತೇನೆ. ನಿಮಗೆ ಬಿಡುವಿಲ್ಲದಿದ್ದರೆ ಅಜ್ಜಿ ತಾತ ಬಂದು ನಕಲು ಕೊಟ್ಟರೂ ಸರಿ. ಮೂಲ ಪಾಸ್‌ಪೋರ್ಟನ್ನು ಮಾತ್ರ ಮಗುವಿನ ಬ್ಯಾಗಿನಲ್ಲಿಟ್ಟು ಕಳಿಸಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ