ಸುಳ್ಯದ ಅಕ್ಕನಿಗೆ, ಮತ್ತೆ ನಿಮಗೆಲ್ಲರಿಗೂ

ಇವತ್ತು ನವೆಂಬರ್ 14. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನ, ಹಾಗಾಗಿ ವಿಶ್ವ ಮಧುಮೇಹ ದಿನ. ದಿನಾ ಇನ್ಸುಲಿನ್ ಹಾಕಲೇಬೇಕಾದ ಟೈಪ್ 1 ಮಧುಮೇಹ ಇರುವ ನನಗೆ ಇನ್ನೊಂದು ಲೆಕ್ಕವೂ ಉಂಟು. ರಾತ್ರಿ ಹೆದರದೆ ಮಲಗಲು ಶುರುಮಾಡಿ ಒಂದು ವರ್ಷ ಆಯಿತು.

ಏನೆಲ್ಲ ಆಯಿತು ಅಂತ ನಿಮಗೆ ಗೊತ್ತೇ ಇದೆ. ಆಸ್ಪತ್ರೆಯ ಕಥೆ ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ ಇತ್ತು.

ಅಮ್ಮನಿಗೆ, ಶಾರ್ಜಾದಿಂದ ದಿನಾ ಫೋನ್ ಮಾಡಿದ ತಮ್ಮನಿಗೆ, ರಜೆ ಕೇಳಿದಾಗ ಒಮ್ಮೆಯೂ ಮುಖ ಗಂಟು ಹಾಕದ ಅಕ್ಷಯ ಕೇಂದ್ರದ (ಕೇರಳ ಸರಕಾರದ ಆನ್‌ಲೈನ್ ಸೇವೆಗಳ ಕೇಂದ್ರ, ನನ್ನ ಕೆಲಸ ಅಲ್ಲೇ) ಜೊತೆಗಾರರಿಗೆ, ಶುಗರ್ ನೋಡುವ ಸ್ಟ್ರಿಪ್ ಬಂದ ಕೂಡಲೇ ನನಗೆ ಅಂತ ತೆಗೆದಿಡುವ ಮೆಡಿಕಲ್ ಶಾಪಿನ ಅಣ್ಣನಿಗೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ವಾರಕ್ಕೊಮ್ಮೆ ಬೆಂಗಳೂರಿನಿಂದ ವಿಡಿಯೋದಲ್ಲಿ ಸಿಗುವ ಕೌನ್ಸೆಲರ್ ಮೇಡಂಗೆ ಬೇರೆಯಾಗಿ ಹೇಳಬೇಕು. ಅವರು ಸಿಗುವ ಮೊದಲು ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದ್ದೆ. ಸರಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಅದು, ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಯಾವ ಹೊತ್ತಿಗೂ ಫ್ರೀ. ಆ ಕಡೆಯವರು ಚೆನ್ನಾಗಿ ಕೇಳಿಸಿಕೊಂಡರು. ಕೌನ್ಸೆಲಿಂಗ್‌ಗೆ ಹೋಗು ಅಂತ ನನ್ನನ್ನು ಒಪ್ಪಿಸಿದ್ದೂ ಅವರೇ. ಮಾತಾಡಿದ್ದು ಮಲಯಾಳಂನಲ್ಲಿ. ನನಗೆ ಮಲಯಾಳಂ ಚೆನ್ನಾಗಿ ಬರುತ್ತದೆ, ಊರವರ ಅರ್ಜಿ ತುಂಬಿಸುವುದು ಅದರಲ್ಲೇ ಅಲ್ವಾ. ಆದರೆ ‘ಬಚ್ಚಿದೆ’ (ನಮ್ಮ ಕಡೆ ಸುಸ್ತಾಗಿ ಸಾಕಾಗಿದೆ ಅಂತ ಅರ್ಥ) ಅನ್ನುವುದನ್ನು ಅಲ್ಲಿ ಹೇಗೆ ಹೇಳುವುದು ಅಂತ ತಿಳಿಯಲಿಲ್ಲ. ಮೇಡಂ ಹತ್ತಿರ ಮೊದಲ ದಿನ ಹೇಳಿದ್ದು ಅದೊಂದೇ ಮಾತು. ‘ಬಚ್ಚಿದೆ ಮೇಡಂ.’ ಅವರು ಪುತ್ತೂರಿನ ಕಡೆಯವರು. ಅರ್ಥ ಕೇಳಲಿಲ್ಲ.

ಇಪ್ಪತ್ತು ಪ್ರಶ್ನೆಗಳ ಒಂದು ಹಾಳೆ ಕಳಿಸಿದರು. ಶುಗರ್ ಇಳಿಯುವ ಹೆದರಿಕೆ ಎಷ್ಟು ಕಾಡುತ್ತದೆ, ಈ ಕಾಯಿಲೆಯಲ್ಲಿ ಒಂಟಿ ಅನಿಸುತ್ತದಾ, ಹೀಗೆ. ನೂರಕ್ಕೆ 40 ಬಂದರೇ ಜಾಸ್ತಿ. ನನಗೆ 61.25 ಬಂತು. ಇದಕ್ಕೆ ಡಯಾಬಿಟಿಸ್ ಡಿಸ್ಟ್ರೆಸ್ ಅನ್ನುತ್ತಾರೆ, ಅಂದರೆ ಈ ಕಾಯಿಲೆಯ ಜೊತೆ ದಿನಾ ಹೆಣಗಿ ಮನಸ್ಸು ದಣಿಯುವುದು, ಖಿನ್ನತೆಯೇ ಆಗಿರಬೇಕೆಂದಿಲ್ಲ, ಸೋಮಾರಿತನ ಅಂತೂ ಅಲ್ಲ ಅಂದರು. 18 ವರ್ಷ, ದಿನಕ್ಕೆ ನಾಲ್ಕು ಸೂಜಿ, 26 ಸಾವಿರ ದಾಟಿದೆ. ಒಂದು ಆಸ್ಪತ್ರೆಯಲ್ಲಿ ನನ್ನ ಎಚ್‌ಬಿಎ1ಸಿ ನೋಡಿ ‘ನಿನಗೆ ಜವಾಬ್ದಾರಿ ಇಲ್ಲ’ ಅಂದಿದ್ದರು. ಸುಮಾರು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತಪರೀಕ್ಷೆ ಅದು. ಯಾಕೆ ಏರಿತು ಅಂತ ಯಾರೂ ಕೇಳಲಿಲ್ಲ. ನಿದ್ದೆಯಲ್ಲೇ ಶುಗರ್ ಇಳಿದು ಹೋದರೆ ಅಂತ ಹೆದರಿ, ನಾನೇ ಇನ್ಸುಲಿನ್ ಕಡಿಮೆ ಹಾಕುತ್ತಿದ್ದೆ.

ಶನಿವಾರ ಸಂಜೆ ಮೇಡಂ ಟೈಪ್ 1 ಇರುವ ಕನ್ನಡದವರನ್ನು ವಿಡಿಯೋದಲ್ಲಿ ಒಟ್ಟು ಸೇರಿಸುತ್ತಾರೆ. ಸುಳ್ಯದ ಅಕ್ಕ ಸಿಕ್ಕಿದ್ದು ಅಲ್ಲಿ. ಕಾಸರಗೋಡಿನ ನಮ್ಮ ಮುಳ್ಳೇರಿಯದಿಂದ ಸುಳ್ಯಕ್ಕೆ ಒಂದೇ ಬಸ್ಸಿನಲ್ಲಿ ಹೋಗಬಹುದು. ಆ ಬಸ್ಸು ದಿನಾ ನಮ್ಮ ಕೇಂದ್ರದ ಎದುರಿನಿಂದಲೇ ಹೋಗುತ್ತದೆ. ಆದರೂ ನಮ್ಮ ಪರಿಚಯ ಆಗಲಿಕ್ಕೆ ಬೆಂಗಳೂರು ಬೇಕಾಯಿತು.

ಕಳೆದ ವರ್ಷ ಆಟಿಯ (ತುಳುವರ ಜೋರು ಮಳೆಯ ತಿಂಗಳು) ಒಂದು ರಾತ್ರಿ. ಎರಡು ದಿನದಿಂದ ಕರೆಂಟ್ ಇಲ್ಲ. ಎರಡು ಗಂಟೆಗೆ ಎಚ್ಚರ ಆದಾಗ ಬೆವರಿಗೆ ನೈಟಿ ಒದ್ದೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಬೆರಳು ಚುಚ್ಚಿದೆ. ಕೈ ನಡುಗಿ ಮೊದಲ ಸ್ಟ್ರಿಪ್ ಹಾಳಾಯಿತು. ಎರಡನೆಯದರಲ್ಲಿ 47. ಶುಗರ್ 70ರ ಕೆಳಗೆ ಬಂದರೆ ಕೂಡಲೇ ಸಕ್ಕರೆ ತಿನ್ನಬೇಕು ಅಂತ 13ನೇ ವಯಸ್ಸಿನಿಂದ ಗೊತ್ತು. ಆದರೂ ಎದ್ದು ಅಡುಗೆಮನೆಗೆ ಹೋಗಲಿಲ್ಲ. ಹಾಸಿಗೆಯ ಮೇಲೆ ಸುಮ್ನೆ ಕೂತೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು.

‘ಎಂತ ಮಾರಾಯ್ತಿ, ಎಷ್ಟುಂಟು?’

‘47.’

‘ಬೆಲ್ಲ ಬೇಡ. ಸಕ್ಕರೆ, ಮೂರು ಚಮಚ, ನೀರಿಗೆ ಹಾಕಿ ಕುಡಿ. ಫೋನ್ ಇಡಬೇಡ. ಅಮ್ಮನ ನಂಬರ್ ಹೇಳು. ನೀನು ಮಾತಾಡದಿದ್ದರೆ ಅವರಿಗೆ ಮಾಡ್ತೇನೆ.’

ಸಕ್ಕರೆ ಕಲಸುವ ಸದ್ದು ಕೇಳಿಸು ಅಂದರು. ಫೋನನ್ನು ಲೋಟದ ಹತ್ತಿರ ಹಿಡಿದು ಕಲಸಿದೆ. ಹದಿನೈದು ನಿಮಿಷ ಬಿಟ್ಟು ನೋಡಿದರೆ 58. ಇನ್ನು ಮೂರು ಚಮಚ. ಆಮೇಲೆ 96.

ಅಪಾಯ ಕಳೆದ ಮೇಲೆ ಅಳು ಬಂತು. ನನ್ನಿಂದ ಇನ್ನು ಆಗುವುದಿಲ್ಲ ಅಂದೆ. ನಾಳೆಯೂ ಇದೇ, ಸಾಯುವವರೆಗೂ ಇದೇ ಅಂದೆ. ಅವರ ಮೇಲೂ ರೇಗಿದೆ, ‘ನಿಮಗೆ ಎಂತ ಗೊತ್ತು’ ಅಂತ. ಅವರಿಗೆ ಹೇಳಿದೆ ಆ ಮಾತನ್ನು. ಈಗ ಬರೆಯುವಾಗಲೂ ಸಂಕಟ ಆಗುತ್ತದೆ.

‘ಗೊತ್ತುಂಟು ಮಾರಾಯ್ತಿ. 1994ರಿಂದ ಗೊತ್ತುಂಟು’ ಅಂದರು. ಧೈರ್ಯ ತಗೋ ಅನ್ನಲಿಲ್ಲ. ನಿನಗಿಂತ ಕಷ್ಟದಲ್ಲಿ ಇರುವವರನ್ನು ನೋಡು ಅನ್ನಲಿಲ್ಲ. ಮಲಗಲು ಹೆದರಿಕೆ ಆಗ್ತದೆ ಅಕ್ಕ ಅಂದೆ. ‘ಹಾಗಾದರೆ ಮಲಗಬೇಡ. ನಾನೂ ಮಲಗುವುದಿಲ್ಲ.’

ಪವರ್ ಬ್ಯಾಂಕಿನಲ್ಲಿ ಸ್ವಲ್ಪ ಚಾರ್ಜ್ ಉಳಿದಿತ್ತು. ಐದು ಗಂಟೆಯವರೆಗೆ ಇಬ್ಬರೂ ಫೋನ್ ಇಡಲಿಲ್ಲ. ಅಡಿಕೆಗೆ ಮದ್ದು ಬಿಡೋಣ ಅಂದರೆ ಮಳೆ ಬಿಡುತ್ತಿಲ್ಲ ಅಂದರು. ಮಗಳ ಪರೀಕ್ಷೆಯ ವಿಷಯ ಹೇಳಿದರು. ಜಾಸ್ತಿ ಹೊತ್ತು ಮಾತೇ ಇರಲಿಲ್ಲ, ಎರಡೂ ಕಡೆ ಮಳೆಯ ಸದ್ದು. ಕೊನೆಗೆ ಅವರ ಹಟ್ಟಿಯಲ್ಲಿ ದನ ಕೂಗಿತು. ‘ಹಾಲು ಕರೀಬೇಕು. ಬೆಳಗಾಯ್ತಲ್ಲ, ಇನ್ನು ನೀನು ಮಲಗು.’ ಮಲಗಿದೆ.

ಅದರ ಮರುದಿನದಿಂದಲೇ ಎಲ್ಲ ಸರಿಯಾಗಲಿಲ್ಲ. ಡಾಕ್ಟರ್ ಹತ್ತಿರ ಹೋಗಿ, ಇನ್ಸುಲಿನ್ ಕಡಿಮೆ ಹಾಕುತ್ತಿದ್ದದ್ದನ್ನು ಒಪ್ಪಿಕೊಂಡು, ರಾತ್ರಿಯ ಡೋಸ್ ಬದಲಿಸಿಕೊಂಡು, ತಿಂಗಳುಗಟ್ಟಲೆ ಮೇಡಂ ಜೊತೆ ಆ ಹೆದರಿಕೆಯ ಬಗ್ಗೆಯೇ ಮಾತಾಡಿದೆ. ಕಳೆದ ತಿಂಗಳು ಅದೇ ಹಾಳೆ ಮತ್ತೆ ತುಂಬಿಸಿದೆ. 30 ಬಂತು. ಶುಗರ್ ಎಷ್ಟು ಅಂತ ಕೇಳುವವರು ನನಗೆ ತುಂಬಾ ಮಂದಿ ಇದ್ದಾರೆ. ನಿದ್ದೆ ಬರುತ್ತದಾ ಅಂತ ಕೇಳಿದವರು ಮೇಡಂ ಮತ್ತೆ ಅಕ್ಕ ಇಬ್ಬರೇ.

ಅಕ್ಕ, ವಿಡಿಯೋದಲ್ಲಿ ಬಿಟ್ಟರೆ ನಿಮ್ಮನ್ನು ನಾನಿನ್ನೂ ನೋಡಿಲ್ಲ. ಈ ಭಾನುವಾರ ಬೆಳಗ್ಗಿನ ಬಸ್ಸಿಗೆ ಅಮ್ಮನೂ ನಾನೂ ಹೊರಡುತ್ತೇವೆ. ಆ ರಾತ್ರಿ ನೀವು ಬರೆದುಕೊಂಡದ್ದು ಅವರ ನಂಬರ್ ಅಂತ ಅಮ್ಮನಿಗೆ ಮೊನ್ನೆಯಷ್ಟೇ ಹೇಳಿದೆ. ಕೂಡಲೇ ಎದ್ದು ಹೋಗಿ ಹಲಸಿನ ಹಪ್ಪಳದ ಕಟ್ಟು ತೆಗೆದಿಟ್ಟರು. ಜಾಲ್ಸೂರು ದಾಟಿದ ಮೇಲೆ ಫೋನ್ ಮಾಡುತ್ತೇನೆ.