ಮಾತ್ರೆಯನ್ನು ಒಂದೇ ಸಲಕ್ಕೆ ಬಿಡಬೇಡ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕೀಲುನೋವು ಇಳಿದಿದೆ, ಆದರೆ ಮುಖ ಊದಿಕೊಂಡಿದೆ, ಸೋಮವಾರದಿಂದ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಬಿಟ್ಟುಬಿಡುತ್ತೇನೆ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಬೇಡ ಕಣೇ. ಕನ್ನಡಿ ನೋಡಿದಾಗ ನಿನಗಾಗುವ ಸಂಕಟ ನನಗೆ ಗೊತ್ತಾಗುತ್ತದೆ. ಆದರೂ ತಿಂಗಳುಗಟ್ಟಲೆ ತಗೊಂಡ ಈ ಮಾತ್ರೆಯನ್ನು ದಿಢೀರನೆ ನಿಲ್ಲಿಸುವುದು ಅಪಾಯ.

ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಅಂತ ಎರಡು ಪುಟ್ಟ ಗ್ರಂಥಿಗಳಿವೆ. ಕೊಲೆಸ್ಟ್ರಾಲ್‌ನಿಂದ ಅವು ಕಾರ್ಟಿಸೋಲ್ ಅನ್ನುವ ಹಾರ್ಮೋನ್ ತಯಾರಿಸುತ್ತವೆ. ಬಿಪಿ, ಸಕ್ಕರೆ ತೀರಾ ಇಳಿಯದಂತೆ ಕಾಯುವುದರಲ್ಲಿ ಇದರ ಪಾತ್ರ ದೊಡ್ಡದು. ಜೋರು ಜ್ವರ ಬಂದರೆ, ಆಪರೇಷನ್ ಆದರೆ ದೇಹ ಇದನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಇದು ಜೀವಕೋಶದೊಳಗೆ ಹೋಗಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲವನ್ನು ಸುಮ್ಮನಾಗಿಸುತ್ತದೆ. ಊತ ತರುವ ರಾಸಾಯನಿಕಗಳು ಕಡಿಮೆಯಾಗುವುದು ಹೀಗೆ. ನಿನ್ನ ಮಾತ್ರೆಯದ್ದೂ ಇದೇ ಕೆಲಸ, ಆದರೆ ಜೋರು ಹೆಚ್ಚು. ಅದರ 5 ಮಿಲಿಗ್ರಾಂ ಸುಮಾರು 20 ಮಿಲಿಗ್ರಾಂ ಕಾರ್ಟಿಸೋಲ್‌ಗೆ ಸಮ.

ರಕ್ತದಲ್ಲಿ ಇಷ್ಟು ಸ್ಟೀರಾಯ್ಡ್ ಇರುವುದು ಕಂಡರೆ ಮೆದುಳು ಅಡ್ರಿನಲ್‌ಗೆ ಸೂಚನೆ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. ವಾರಗಳು ಕಳೆದಂತೆ ಗ್ರಂಥಿ ಸೊರಗುತ್ತದೆ. ಆಗ ನೀನು ಮಾತ್ರೆ ಬಿಟ್ಟರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಸುಸ್ತು, ವಾಂತಿ, ಬಿಪಿ ಕುಸಿತ. ಜೀವಕ್ಕೇ ಕುತ್ತು ಬರಬಹುದು.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ನಿನ್ನಂತೆಯೇ ರುಮಟಾಯ್ಡ್ ಆರ್ಥರೈಟಿಸ್ ಇದ್ದ ಒಬ್ಬ ಮಹಿಳೆಗೆ ಕಾರ್ಟಿಸೋಲ್‌ನದೇ ಜಾತಿಯ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಸರಾಗವಾಗಿ ಓಡಾಡಿದರು. 1950ರಲ್ಲಿ ಈ ಕೆಲಸಕ್ಕೆ ನೊಬೆಲ್ ಬಂತು. ಅಷ್ಟರಲ್ಲೇ ಇದರ ಅಡ್ಡಪರಿಣಾಮಗಳೂ ಕಾಣತೊಡಗಿದ್ದವು. ಔಷಧಿ ಕೆಟ್ಟದ್ದಲ್ಲ ಸುಮಾ, ಲೆಕ್ಕ ತಪ್ಪಬಾರದು ಅಷ್ಟೇ.

ಡಾಕ್ಟರಿಗೆ ಮುಖದ ವಿಷಯ ಬಿಚ್ಚಿ ಹೇಳು. ಡೋಸ್ ಹೇಗೆ ಇಳಿಸುವುದು ಅಂತ ಕೇಳು. ಇಳಿಸಿದಂತೆ ಮುಖದ ಊತವೂ ಸಾಮಾನ್ಯವಾಗಿ ಕರಗುತ್ತದೆ. ಮೂಳೆಗೆ ಏನು ತಗೊಳ್ಳಬೇಕು, ಶುಗರ್ ಯಾವಾಗ ನೋಡಿಸಬೇಕು ಅನ್ನುವುದನ್ನೂ ಕೇಳು. ಬೇರೆ ಹೇಳದಿದ್ದರೆ ಮಾತ್ರೆ ಬೆಳಗಿನ ತಿಂಡಿ ಆದ ಮೇಲೆ ಇರಲಿ. ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಡ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯಬೇಡ, ಆಸ್ಪತ್ರೆಗೆ ಹೋಗು. ಹಲ್ಲು ಕೀಳಿಸುವುದಾದರೂ ಮೊದಲೇ ತಿಳಿಸು. ಸ್ಟೀರಾಯ್ಡ್ ತಗೊಳ್ಳುತ್ತಿದ್ದೇನೆ ಅಂತ ಒಂದು ಚೀಟಿ ಪರ್ಸಿನಲ್ಲಿರಲಿ.

ಡಾಕ್ಟರ ಹತ್ತಿರ ಯಾವತ್ತು ಹೋಗುತ್ತೀ ಅಂತ ಫೋನ್ ಮಾಡು, ನಾನೂ ಜೊತೆಗೆ ಬರುತ್ತೇನೆ. ಅಲ್ಲಿಯವರೆಗೆ ನಾಳೆಯ ಮಾತ್ರೆ ತಪ್ಪಿಸಬೇಡ.

ಇಂತಿ ನಿನ್ನ
ದೊಡ್ಡಮ್ಮ